ರಕ್ತದಲ್ಲಿ ಇಲ್ಲದ್ದು

ನಮ್ಮ ಗುರುಗಳು ಇದನ್ನು ನಾಲ್ಕೇ ಮಾತಿನಲ್ಲಿ ಹೇಳಿದ್ದರು. ನನಗೆ ಕುಸ್ತಿ ಕಲಿಸಿ ಗೊತ್ತು, ಬರೆದು ಗೊತ್ತಿಲ್ಲ. ಹೇಳುವುದು ಕೆಟ್ಟರೆ ಕ್ಷಮಿಸಬೇಕು.

ನಾನು ಕೇಳಿದ್ದು ಇಷ್ಟು: "ಗುರುಗಳೇ, ನನ್ನ ಗರಡಿಯ ಪೈಲ್ವಾನರಿಗೆಲ್ಲ ವಂಶವಾಹಿ ಪರೀಕ್ಷೆ ಆಯಿತು. ಅವರಲ್ಲಿ ಬೋರೇಶ ಎಂಬುವನ ರಕ್ತದಲ್ಲಿ ಕುಸ್ತಿಗೆ ಬೇಕಾದ ಗುಣ ಇಲ್ಲವಂತೆ. ಅವನನ್ನು ಮನೆಗೆ ಕಳಿಸಲೇ?"

ಗುರುಗಳು ಹೇಳಿದರು:

ಒಬ್ಬ ಉಸ್ತಾದನಿದ್ದ. ಅವನ ಗರಡಿಯಲ್ಲಿ ಒಬ್ಬ ಬಿದ್ದ ಕೂಡಲೇ ಕುಸ್ತಿ ಮುಗಿಯುತ್ತಿತ್ತು. (ಅಂದರೆ, ಮೊದಲ ಪಟ್ಟಿನಲ್ಲೇ ಎತ್ತಿ ಹಾಕುವವನಿಗೆ ಅಲ್ಲಿ ಗೆಲುವು. ನಿಧಾನವಾಗಿ ಬಿಸಿಯೇರುವವನಿಗೆ ಅಲ್ಲಿ ಹೊತ್ತೇ ಸಿಗುತ್ತಿರಲಿಲ್ಲ. ಇದು ಗುರುಗಳ ಮಾತಲ್ಲ, ನಾನು ಸೇರಿಸಿದ್ದು.) ಅಲ್ಲಿ ಒಬ್ಬ ಪೈಲ್ವಾನ ದಿನವೂ ಬೀಳುತ್ತಿದ್ದ. ಬಿದ್ದವನು ಏದುಸಿರು ಬಿಡದೆ ಎದ್ದು, "ಉಸ್ತಾದ್, ಇನ್ನೊಂದು ಕುಸ್ತಿ" ಎನ್ನುತ್ತಿದ್ದ.

"ಇಷ್ಟು ಮಣ್ಣು ತಿಂದರೂ ಹೊಟ್ಟೆ ತುಂಬಲಿಲ್ಲವೇನೋ?" ಎಂದು ಉಳಿದವರು ನಗುತ್ತಿದ್ದರು.

ಒಂದು ದಿನ ಉಸ್ತಾದ ಬೇಸತ್ತು ಹೇಳಿದ: "ಹೋಗಪ್ಪಾ, ನಿನ್ನ ರಕ್ತದಲ್ಲಿ ಕುಸ್ತಿ ಇಲ್ಲ."

ಅವನು ಅಖಾಡದ ಮಣ್ಣನ್ನು ಹಣೆಗೆ ಹಚ್ಚಿಕೊಂಡು ಹೊರಟುಹೋದ. ದವಸದ ಮಂಡಿಯಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ.

ವರ್ಷಗಳು ಕಳೆದವು. ಉಸ್ತಾದ ಮಂಡಿಗೆ ಹೋದಾಗ ಅವನನ್ನು ಕಂಡ. ಹರೆಯದ ಹಮಾಲರೆಲ್ಲ ನೆರಳಿನಲ್ಲಿ ಕುಳಿತು ಏದುಸಿರು ಬಿಡುತ್ತಿದ್ದರು. ತಲೆ ನರೆತ ಅವನು ಮಾತ್ರ ಮೂಟೆ ಹೊರುತ್ತಲೇ ಇದ್ದ. ದಣಿಯದಿರುವುದೂ ಒಂದು ಬಲ, ಅದೂ ಹುಟ್ಟಿನಿಂದ ಬರುತ್ತದೆ ಎಂದು ಉಸ್ತಾದನಿಗೆ ಆಗ ಹೊಳೆಯಿತು. ಆ ಪೈಲ್ವಾನನ ಹಿಂದೆಯೇ ಅವನ ವಯಸ್ಸಿಗೆ ಬಂದ ಮಗ ಮೂಟೆ ಹೊತ್ತು ಬರುತ್ತಿದ್ದ. ಅದೇ ಹೆಗಲು, ಅದೇ ಉಸಿರು.

"ನಿನ್ನನ್ನು ಕಳಿಸಿ ತಪ್ಪು ಮಾಡಿದೆ, ಮಾರಾಯ. ಮಗನನ್ನಾದರೂ ಗರಡಿಗೆ ಕಳಿಸು" ಎಂದ ಉಸ್ತಾದ.

ತಂದೆ ಬಾಯಿ ತೆರೆಯುವ ಮೊದಲೇ ಮಗ ಹೇಳಿದ: "ಬೇಡ ಉಸ್ತಾದರೇ. ನಮ್ಮ ರಕ್ತದಲ್ಲಿ ಕುಸ್ತಿ ಇಲ್ಲ."

ಗುರುಗಳು ನನ್ನ ಕಡೆ ತಿರುಗಿದರು. "ಆ ಮಗನಿಗೆ ತಂದೆಯ ಬಲವೂ ಬಂದಿತ್ತು, ಉಸ್ತಾದನ ಮಾತೂ ಬಂದಿತ್ತು."



ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪರೀಕ್ಷೆಯೇ ಸುಳ್ಳು ಎಂದು ಗುರುಗಳು ಹೇಳಲಿಲ್ಲ. ಒಬ್ಬರ ಹುಟ್ಟುಗುಣ ಇನ್ನೊಬ್ಬರಿಗೆ ಇರುವುದಿಲ್ಲ, ಅದು ನಿಜವೇ. ಆದರೆ ಒಬ್ಬನಲ್ಲಿ ಏನಿಲ್ಲ ಎಂದು ಬಾಯಿಬಿಟ್ಟು ಹೇಳುವ ಮೊದಲು ನಾವು…

ಇಲ್ಲಿಗೆ ನಿಲ್ಲಿಸಬೇಕು. ಅಖಾಡದಿಂದ ಬೋರೇಶ ಕೂಗುತ್ತಿದ್ದಾನೆ: "ಉಸ್ತಾದ್, ಇನ್ನೊಂದು ಕುಸ್ತಿ!"