ಗುರುಶಾಂತ ತಂಪು ಕಾಯ್ದದ್ದು

ನಗೋದಿದ್ರೆ ಈಗಲೇ ನಕ್ಕುಬಿಡ್ರಿ. ಆಮೇಲೆ ನೀಲವ್ವನ ಮುಖ ನೆನಪಾದ್ರೆ ನಗು ಬರೋದು ಕಷ್ಟ.

ನೀಲವ್ವ ಗದಗಿನ ಕಡೆಯ ಒಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯೋಳು. ಒಬ್ಬನೇ ಮಗ, ಗುರುಶಾಂತ. ವಯಸ್ಸು ಮೂವತ್ತೈದು ದಾಟಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ಅದು ಅವನ ಗುಣ, ಅವಳ ಗ್ರಹಚಾರ. "ಹಾಲಿನ ಮ್ಯಾಲ ಒಂದು ಕಣ್ಣಿಡು" ಅಂತ ಹೇಳಿ ಹೋದ್ರೆ, ಹಾಲೆಲ್ಲ ಉಕ್ಕಿ ಒಲೆ ಆರೋ ತನಕ ಒಂದು ಕಣ್ಣು ಮುಚ್ಚಿಕೊಂಡು ಇನ್ನೊಂದರಲ್ಲಿ ನೋಡಿದ್ದ.

ಅವನಿಗೊಂದು ಕೆಲಸ ಕೊಡಿ ಅಂತ ನೀಲವ್ವ ಆಸ್ಪತ್ರೆಯ ಆಡಳಿತ ನೋಡೋ ಕಲ್ಮಠ ಸಾಹೇಬರ ಹತ್ರ ಹೋದಳು.

"ಹೇಳಿದಷ್ಟ ಮಾಡ್ತಾನೇನು?"

"ಅಷ್ಟ ಮಾಡ್ತಾನ್ರಿ, ಅದ ನನ್ನ..."

ಅವಳ ಮಾತು ಮುಗಿಯೋದ್ರೊಳಗೆ ಸಾಹೇಬರು ಸಹಿ ಹಾಕಿದ್ರು. ಎದುರು ಮಾತಾಡದ, ತಲೆ ಓಡಿಸದ ಆಳಿಗಾಗಿ ಅವರು ವರ್ಷಗಟ್ಟಲೆ ಕಾದಿದ್ರು ಪಾಪ.

ಕೆಲಸ ಸರ್ವರ್ ಕೋಣೆ ಕಾಯೋದು. ಆಸ್ಪತ್ರೆಯ ರಕ್ತದ ರಿಪೋರ್ಟು, ಎಕ್ಸ್‌ರೇ, ಔಷಧದ ಚೀಟಿ ಎಲ್ಲಾ ಆ ಕೋಣೆಯ ಮಷೀನಿನಲ್ಲೇ. ಎರಡು ಸಾಲು ಕಪಾಟು, ಮುಖಕ್ಕೆ ಮುಖ, ನಡುವೆ ಒಂದು ಓಣಿ. ನೆಲದ ತೂತಿನಿಂದ ಓಣಿಗೆ ತಂಪು ಗಾಳಿ ಬರೋದು. ಮಷೀನು ಅದನ್ನು ಎಳಕೊಂಡು ಬೆನ್ನ ಕಡೆಯಿಂದ ಬಿಸಿ ಉಗುಳೋದು. ಬಿಸಿಯೂ ತಂಪೂ ಬೆರೀಬಾರದು ಅಂತ ಇಂಜಿನಿಯರ್ ಮುಬೀನಾ ಮೇಡಂ ಓಣಿಯ ಎರಡೂ ತುದಿಗೆ ಬಾಗಿಲು, ಮೇಲೆ ಹಗುರ ಛಾವಣಿ ಕೂಡಿಸಿದ್ರು.

"ಗುರುಶಾಂತ, ತಂಪು ಹೊರಗ ಹೋಗಬಾರದು. ಬಾಗಲಾ ಹಾಕ್ಕೊಂಡಿರು" ಅಂದ್ರು ಮೇಡಂ.

ಹಾಕ್ಕೊಂಡ. ಒಳಗಿಂದ ಚಿಲಕಾನೂ ಹಾಕ್ಕೊಂಡ. ಮಧ್ಯಾಹ್ನ ಮೇಡಮ್ಮೇ ಬಂದು ಬಡಿದ್ರು.

"ತಗೀಯೋ, ನಾನು ಮುಬೀನಾ."

"ತಗದ್ರ ತಂಪು ಹೋಗ್ತದ್ರಿ ಮೇಡಂ. ನೀವ ಹೇಳೀರಿ."

ಮೇಡಂ ಒಂದೂವರೆ ತಾಸು ಹೊರಗೆ ನಿಂತ್ರು. ಸುದ್ದಿ ಕ್ಯಾಂಟೀನಿಗೆ ಹೋಯ್ತು. ನೀಲವ್ವ ಹಣೆ ಹಣೆ ಬಡಕೊಂಡಳು. ರಾತ್ರಿ ಮನೇಲಿ ಮಗನಿಗೆ ಬುದ್ಧಿ ಹೇಳಿದಳು.

"ಬಂದವ್ರಿಗೆ ಬಾಗಲಾ ತಗೀಬೇಕೋ ತಮ್ಮಾ. ಬರ್ರಿ ಅನಬೇಕು, ಕೂಡ್ರಿ ಅನಬೇಕು, ಕುಡಿಯಾಕ ನೀರು ಕೊಡಬೇಕು."

"ಆತು ಬೇ."

ಮರುದಿನ ಬಿಸಿಲು ಸುಡ್ತಿತ್ತು. ಹೊರಗೆ ರೋಗಿಗಳ ಕಡೆಯವರು ಬೆವರು ಒರೆಸ್ಕೊಂಡು ಓಡಾಡ್ತಿದ್ರು. ಒಬ್ಬ ಬಾಗಿಲ ಹತ್ರ ಬಂದ. ಗುರುಶಾಂತ ತೆಗೆದ, ಬರ್ರಿ ಅಂದ, ಕೂಡ್ರಿ ಅಂದ. ಆ ತಂಪು ಸಿಕ್ಕ ಮೇಲೆ ಒಬ್ಬನೇ ಕೂಡ್ತಾನೇನು? ಮೇಡಂ ಬರೋ ಹೊತ್ತಿಗೆ ಓಣಿ ತುಂಬ ಹದಿನಾಲ್ಕು ಜನ. ಒಬ್ಬಾಕೆ ಬುತ್ತಿ ಬಿಚ್ಚಿದ್ದಳು. ಗುರುಶಾಂತ ಮಷೀನಿನ ಮೇಲೆ ಕೊಡ ಇಟ್ಟು ಎಲ್ಲರಿಗೂ ನೀರು ಹಂಚ್ತಿದ್ದ.

ಮೇಡಂ ಮೊದಲು ಕೊಡ ಇಳಿಸಿದ್ರು, ಆಮೇಲೆ ಉಸಿರು ಬಿಟ್ರು. ಜನರನ್ನು ಕಳಿಸಿ, ಕಪಾಟಿನಲ್ಲಿ ಮಷೀನು ಇಲ್ಲದ ಖಾಲಿ ಜಾಗ ತೋರಿಸಿದ್ರು.

"ಇಲ್ನೋಡು, ಇಂಥಾ ಸಂದಿಯಿಂದ ಬಿಸಿ ವಾಪಸ್ ಬರ್ತದ. ತಗಡು ಹಾಕಿ ಮುಚ್ಚು. ಒಂದು ತೂತೂ ಉಳೀಬಾರದು."

ಒಂದೂ ಉಳೀಲಿಲ್ಲ. ಕಪಾಟಿನ ಸಂದಿ ಮುಚ್ಚಿದ. ಗೋಡೆಯ ತೂತು ಮುಚ್ಚಿದ. ನೆಲ ನೋಡಿದ್ರೆ ಬರೀ ತೂತೇ. ಕೂತು, ಬಗ್ಗಿ, ಎರಡು ತಾಸು ಟೇಪು ಹಚ್ಚಿ ಅದನ್ನೂ ಮುಚ್ಚಿದ. ತಂಪು ಬರೋ ದಾರಿಯೇ ಅದು. ಸಂಜೆಯೊಳಗೆ ಮಷೀನು ಕಾದು ಚೀರಿಕೊಂಡವು, ಲ್ಯಾಬಿನ ರಿಪೋರ್ಟು ನಿಂತವು. ಮೇಡಂ ಓಡಿಬಂದು ಮೊಣಕಾಲೂರಿ ಟೇಪು ಕಿತ್ರು.

"ನಿನಗ ಇಲ್ಲಿ ಕೆಲಸ ತಿಳೀತೇನು?" ಅಂತ ಕೇಳಿದ್ರು.

"ತಿಳೀತ್ರಿ" ಅಂದ.

ಮನೇಲಿ ನೀಲವ್ವ ರೊಟ್ಟಿ ತಟ್ಟೆಗೆ ಹಾಕದೆ ಕೂತಿದ್ದಳು. "ತಿಳೀತ್ರಿ ಅಂತ ಬಾಯಿಲೆ ಹೇಳಬ್ಯಾಡ. ಇನ್ನ ಯಾರ ಏನ ಕೇಳಿದ್ರೂ ಮಾಡಿ ತೋರಸು. ಅವಾಗ ನಂಬ್ತಾರ."

"ಆತು ಬೇ."

ಆ ವಾರ ಅಗ್ನಿಶಾಮಕದ ಅಧಿಕಾರಿ ತಪಾಸಣೆಗೆ ಬಂದ್ರು. ಓಣಿ ಮುಚ್ಚಿದ ಮೇಲೆ ಬೆಂಕಿ ಬಿದ್ರೆ ಆರಿಸೋದು ಹೇಗೆ ಅಂತ ಅವರ ಚಿಂತೆ. ಅದಕ್ಕೂ ಮೇಡಂ ಉಪಾಯ ಮಾಡಿದ್ರು. ಹೊಗೆ ಕಂಡ್ರೆ ಛಾವಣಿಯ ಹಲಗೆಗಳು ತಾವಾಗೇ ಕಳಚಿ ಬೀಳಬೇಕು, ಬೆಂಕಿ ಆರಿಸೋ ಗ್ಯಾಸು ಮೇಲಿಂದ ಓಣಿಗೆ ಇಳೀಬೇಕು. ಅವತ್ತು ತಪಾಸಣೆ ಹೊತ್ತಿನಲ್ಲಿ ಗ್ಯಾಸು ಇಳೀಬಾರದು ಅಂತ ಅದರ ಕೀಲಿ ತಿರುವಿ ಬಂದ್ ಇಟ್ಟು, ಕಾಗದ ತರೋಕೆ ಮೇಡಂ ಆಚೆ ಹೋದ್ರು. ಓಣಿಯೊಳಗೆ ಅಧಿಕಾರಿ, ಕಲ್ಮಠ ಸಾಹೇಬರು, ಗುರುಶಾಂತ.

"ಹೊಗಿ ಬಂದ್ರ ಏನಾಗ್ತದಪಾ?" ಅಂತ ಅಧಿಕಾರಿ ಕೇಳಿದ್ರು.

ಗುರುಶಾಂತ ಬಾಯಿ ಬಿಡಲಿಲ್ಲ. ಕ್ಯಾಂಟೀನಿನ ದೇವರ ಮುಂದೆ ಹೊಗೆಯಾಡ್ತಿದ್ದ ಲೋಬಾನದ ಬಟ್ಟಲು ಹಾಗೇ ಎತ್ಕೊಂಡು ಬಂದ. ಸ್ಟೂಲು ಹತ್ತಿ ಮೇಲೆ ಹಿಡಿದ.

ಹಲಗೆಗಳು ಬಿದ್ದವು. ಮುಬೀನಾ ಮೇಡಂ ಕೆಲಸ ಅಂದ್ರೆ ಕೆಲಸ, ಒಂದೂ ಮೇಲೆ ಉಳೀಲಿಲ್ಲ. ಒಂದು ಅಧಿಕಾರಿಯ ಟೋಪಿ ಮೇಲೆ, ಮೂರು ಕಲ್ಮಠ ಸಾಹೇಬರ ತಲೆ ಮೇಲೆ. ಹಗುರ ಹಲಗೆ, ಗಾಯ ಆಗಲಿಲ್ಲ. ಅಧಿಕಾರಿ ಟೋಪಿ ಝಾಡಿಸಿ, "ವ್ಯವಸ್ಥಾ ಛಲೋ ಐತಿ" ಅಂತ ಬರೆದು ಸಹಿ ಮಾಡಿ ಹೋದ್ರು.

ಕಲ್ಮಠ ಸಾಹೇಬರಿಗೆ ಮಾತ್ರ ಅಷ್ಟು ಛಲೋ ಅನಿಸಲಿಲ್ಲ. ಹಲಗೆ ಸರಿಸಿ ಎದ್ದು ನಿಂತ್ರು.

"ಸಾಕು. ಎಲ್ಲಾ ಬಂದ್ ಮಾಡು. ಬಂದ್ ಮಾಡಿ ಮನಿಗೆ ನಡಿ."

ಹೇಳಿ ಅವರು ಮುಖ ತೊಳೆಯೋಕೆ ಹೋದ್ರು.

ಗುರುಶಾಂತ ಸ್ಟೂಲಿಂದ ಇಳಿದ. ಮೊದಲನೇ ಕಪಾಟಿನಿಂದ ಶುರು ಮಾಡಿದ. ಒಂದೊಂದೇ ಮಷೀನು, ಒಂದೊಂದೇ ಗುಂಡಿ. ಯಾವುದನ್ನೂ ಬಿಡಲಿಲ್ಲ.

ಮೇಡಂ ಕಾಗದ ಹಿಡ್ಕೊಂಡು ಬಂದಾಗ ಕೋಣೆ ಸದ್ದಿಲ್ಲದೆ ತಣ್ಣಗಿತ್ತು. ಬಿಸಿಯಂತೂ ಎಲ್ಲೂ ಇಲ್ಲ. ಅವರು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ರು. ಆ ಕಡೆ ಡಾಕ್ಟರುಗಳು ಕಪ್ಪಾದ ಪರದೆಯಿಂದ ಕಣ್ಣು ಕಿತ್ತು, ಎಷ್ಟೋ ವರ್ಷದ ಮೇಲೆ ರೋಗಿಯ ಮುಖ ನೋಡಿ, "ಏನಾಗೇತಿ ನಿನಗ?" ಅಂತ ಕೇಳಬೇಕಾಯ್ತು.

ಗುರುಶಾಂತ ಅಷ್ಟೊತ್ತಿಗೆ ಮನೆಯಲ್ಲಿ ಕಾಲು ತೊಳ್ಕೊಳ್ತಿದ್ದ.

"ಇಷ್ಟ ಲಗೂ ಯಾಕ ಬಂದಿ?" ಅಂದಳು ನೀಲವ್ವ.

"ಎಲ್ಲಾ ಕೆಲಸ ಮುಗಿಸೀನಿ ಬೇ. ನಾಳಿಗೆ ಆ ಆಸ್ಪತ್ರ್ಯಾಗ ಯಾರಿಗೂ ಏನೂ ಉಳಿಸಿಲ್ಲ."