ಬಣ್ಣ ಹೊಡೆದ ಅಂಗಳ

“ಗುರುಗಳೇ, ಅಣ್ಣ ತೀರಿಕೊಂಡ ಸುದ್ದಿ ಬಂದಾಗ ನನ್ನ ಕಣ್ಣಲ್ಲಿ ಒಂದು ಹನಿ ನೀರೂ ಬರಲಿಲ್ಲ. ಸುದ್ದಿ ತಂದವನನ್ನು ಕೂರಿಸಿದೆ, ಕುಡಿಯಲು ನೀರು ಕೊಟ್ಟೆ, ಮತ್ತೆ ಪಾಠಕ್ಕೆ ಕುಳಿತೆ. ನನ್ನ ಮುಖ ಸ್ವಲ್ಪವೂ ಬದಲಾಗಲಿಲ್ಲವೆಂದು ಎಲ್ಲರೂ ಹೇಳುತ್ತಿದ್ದಾರೆ. ಸಮಚಿತ್ತ ಎನ್ನುವುದು ಇದನ್ನೇ ಅಲ್ಲವೇ?”

ಶಿಷ್ಯ ಹೀಗೆ ಕೇಳಿದ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಮನೆಮನೆಗೆ ಫೋನು ಬರುವುದಕ್ಕಿಂತ ಮೊದಲಿನ ಮಾತು. ಒಂದು ಊರಿನಲ್ಲಿ ನೇಕಾರರ ಬೀದಿ ಇತ್ತು. ಅಲ್ಲಿ ಹಗಲೂ ರಾತ್ರಿ ಕರೆಂಟಿನ ಮಗ್ಗಗಳು ಓಡುತ್ತಿದ್ದವು. ಒಬ್ಬರು ಕೂಗಿದ್ದು ಇನ್ನೊಬ್ಬರ ಕಿವಿಗೆ ಬೀಳುತ್ತಿರಲಿಲ್ಲ. ಹಾಗಾಗಿ ಆ ಬೀದಿಯ ಹೆಂಗಸರು ಕಿವಿಯನ್ನು ಬಿಟ್ಟು ಕಣ್ಣನ್ನು ನಂಬಿದ್ದರು. ಬೆಳಿಗ್ಗೆ ಎದ್ದವಳು ತನ್ನ ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ ಬಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ ಸುತ್ತಲಿನ ಅಂಗಳಗಳನ್ನು ಒಮ್ಮೆ ನೋಡುತ್ತಿದ್ದಳು. ರಂಗೋಲಿ ಇದ್ದರೆ ಆ ಮನೆ ಕ್ಷೇಮ. ಬಿಸಿಲೇರಿದರೂ ಅಂಗಳ ಬರಿದಾಗಿದ್ದರೆ ಒಳಗೆ ಯಾರಿಗೋ ಕಾಯಿಲೆ, ಇಲ್ಲವೇ ಸಾವು. ಆಗ ಮೊದಲು ಕಂಡವಳು ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ ಬಾಗಿಲು ತಟ್ಟಬೇಕು. ಇದನ್ನು ಯಾರೂ ಯಾರಿಗೂ ಕಲಿಸಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಆ ಬೀದಿಯಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದ. ಮಕ್ಕಳಿರಲಿಲ್ಲ. ಸೀರೆಯ ಗಂಟು ಹೊತ್ತು ಊರೂರು ತಿರುಗುವ ಕಸುಬು. ಮನೆಯಲ್ಲಿ ಹೆಚ್ಚಾಗಿ ಹೆಂಡತಿ ಒಬ್ಬಳೇ. ಅವರ ಮನೆ ಮುಂದಿನ ಸಿಮೆಂಟು ಅಂಗಳ ಸವೆದು ಜಲ್ಲಿ ಎದ್ದಿತ್ತು. ಗುಡಿಸಿದಷ್ಟೂ ಪುಡಿ ಏಳುತ್ತಿತ್ತು. ರಂಗೋಲಿಯ ಎಳೆ ಗುಳಿಗಳಿಗೆ ಇಳಿದು ಕಾಣೆಯಾಗುತ್ತಿತ್ತು. ಹೆಂಡತಿಗೆ ಸೊಂಟನೋವು ಬೇರೆ, ಬಗ್ಗಿದರೆ ಏಳುವುದು ಕಷ್ಟ. ವ್ಯಾಪಾರಿ ಒಬ್ಬ ಪೇಂಟರನ್ನು ಕರೆಸಿದ.

ಪೇಂಟರು ಕೆಲಸ ಬಲ್ಲವನು. ತಂತಿ ಬ್ರಷ್ಷಿನಿಂದ ಅಂಗಳ ಉಜ್ಜಿದ, ಆ್ಯಸಿಡ್ ಹಾಕಿ ತೊಳೆದ, ಬಿರುಕುಗಳಿಗೆ ಸಿಮೆಂಟು ತುಂಬಿದ. ತೇವ ಪೂರ್ತಿ ಆರಿದ ಮೇಲೆ ಪ್ರೈಮರ್ ಹೊಡೆದು, ಅದರ ಮೇಲೆ ಕಾವಿ ಬಣ್ಣದ ಪೇಂಟು ಹೊಡೆದ. ಉಳಿದದ್ದು ಬಣ್ಣ ಏಳದಂತೆ ಮೇಲೆ ಹೊಡೆಯುವ ಸೀಲರ್ ಮಾತ್ರ. ಆಗ ಅವನಿಗೊಂದು ಯೋಚನೆ ಬಂತು. ಅಮ್ಮನವರು ದಿನಾ ಹಾಕುವ ರಂಗೋಲಿಯನ್ನೇ ಬಿಳಿ ಪೇಂಟಿನಲ್ಲಿ ಬರೆದುಬಿಡಲಿ, ಸೀಲರ್ ಅದರ ಮೇಲೆ ಬರಲಿ, ಆಮೇಲೆ ಅದು ಮಳೆಗೂ ಹೋಗುವುದಿಲ್ಲ, ಪೊರಕೆಗೂ ಹೋಗುವುದಿಲ್ಲ ಎಂದ. ಅವಳು ಒಂದು ಗಳಿಗೆ ಹಿಂದೆಮುಂದೆ ನೋಡಿದಳು. ಆಮೇಲೆ ಬ್ರಷ್ಷು ಹಿಡಿದು ಚುಕ್ಕಿ ಇಟ್ಟು ಎಳೆ ಎಳೆದಳು. ಅದು ಒಣಗಿದ ಮೇಲೆ ಪೇಂಟರು ಸೀಲರ್ ಹೊಡೆದ. ಅಂಗಳ ಗಾಜಿನಂತೆ ಹೊಳೆಯಿತು.

ಬೀದಿಯ ಹೆಂಗಸರೆಲ್ಲ ಬಂದು ನೋಡಿದರು. ಎದುರು ಮನೆಯಾಕೆ ಸೊಂಟದ ಮೇಲೆ ಕೈಯಿಟ್ಟು, “ನಿನ್ನ ಪುಣ್ಯ ಕಣಕ್ಕಾ. ಇನ್ನು ನೀನು ಮಧ್ಯಾಹ್ನದವರೆಗೆ ಬಿದ್ದುಕೊಂಡಿದ್ದರೂ ಕೇಳೋರಿಲ್ಲ” ಎಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಮರುದಿನ ಬೆಳಿಗ್ಗೆ ಅವಳು ಅಭ್ಯಾಸಬಲದಿಂದ ರಂಗೋಲಿ ಡಬ್ಬಿ ಹಿಡಿದು ಬಾಗಿಲು ತೆರೆದಳು. ರಂಗೋಲಿ ಆಗಲೇ ಬಿದ್ದಿತ್ತು. ಅದೇ ಚುಕ್ಕಿ, ಅದೇ ಎಳೆ, ತಿರುವಿನಲ್ಲಿ ಕೈ ತುಸು ತಡೆದ ಗುರುತು ಕೂಡ ತನ್ನದೇ. ತನ್ನ ಹಾಗೇ ಇರುವ ಇನ್ನೊಬ್ಬಳು ತನಗಿಂತ ಮೊದಲು ಎದ್ದು, ಹಾಕಿ, ಒಳಗೆ ಹೋದಂತೆ ಅನಿಸಿತು. ತಿರುಗಿ ಮನೆಯೊಳಗೆ ನೋಡಿದಳು. ಯಾರೂ ಇರಲಿಲ್ಲ. ಡಬ್ಬಿಯನ್ನು ಎತ್ತಿಟ್ಟಳು.

ಅಲ್ಲಿಂದ ಮುಂದೆ ಅವಳು ಬೆಳಗಿನಲ್ಲಿ ಹೊರಗೆ ಬರುವುದು ನಿಂತಿತು. ಬೀದಿಯವರು ಒಂದೆರಡು ದಿನ ಅವಳಿಗಾಗಿ ಕಣ್ಣಾಡಿಸಿದರು. ಆಮೇಲೆ ಅವಳು ಕಾಣದಿರುವುದೇ ರೂಢಿಯಾಯಿತು.

ವ್ಯಾಪಾರಿ ಗಂಟು ಕಟ್ಟಿಕೊಂಡು ದೂರದ ಊರಿಗೆ ಹೋಗಿದ್ದ. ಒಂದು ಮಧ್ಯಾಹ್ನ ಅವಳು ಮೇಲಿದ್ದ ಪಾತ್ರೆ ಇಳಿಸಲು ಸ್ಟೂಲು ಹತ್ತಿ, ಕಾಲು ಜಾರಿ ಬಿದ್ದಳು. ಸೊಂಟದಲ್ಲಿ ಏನೋ ಮುರಿಯಿತು. ಏಳಲಾಗಲಿಲ್ಲ. ಕೂಗಿದಳು. ಮಗ್ಗಗಳು ಓಡುತ್ತಿದ್ದವು. ದನಿ ಉಡುಗಿಹೋಗುವವರೆಗೆ ಕೂಗಿ, ಕೊನೆಗೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೇಗಾದರೂ ಬೆಳಗಾಗಲಿ. ಅಂಗಳ ಬರಿದಾಗಿರುವುದನ್ನು ಕಂಡು ಎದುರು ಮನೆಯಾಕೆ ಬಂದೇ ಬರುತ್ತಾಳೆ. ಆ ಧೈರ್ಯದಲ್ಲಿ ಸ್ವಲ್ಪ ನಿದ್ದೆಯೂ ಹತ್ತಿತು.

ಬೆಳಕು ಹರಿದಾಗ ಎಚ್ಚರವಾಯಿತು. ಆಗ ಅಂಗಳದ ನೆನಪಾಯಿತು.

ಮೊಣಕೈ ಊರಿ ತೆವಳುತ್ತ ಮುಂಬಾಗಿಲಿಗೆ ಬಂದಳು. ಅಗಳಿ ಬಾಗಿಲಿನ ಮೇಲ್ತುದಿಯಲ್ಲಿತ್ತು. ಅಂಗೈಯಿಂದ ಬಾಗಿಲು ಬಡಿದಳು. ಆದರೆ ಮಗ್ಗಗಳ ಹೊಡೆತಕ್ಕೆ ಆ ಬೀದಿಯ ಬಾಗಿಲುಗಳೆಲ್ಲ ಸದಾ ಅದುರುತ್ತಿದ್ದವು. ಇದೊಂದು ಹೆಚ್ಚಾಗಿ ಅದುರಿದರೆ ಯಾರಿಗೆ ತಿಳಿಯಬೇಕು? ಬಾಗಿಲ ಕೆಳಗೆ ಬೆರಳು ತೂರದಷ್ಟು ಸಣ್ಣ ಸಂದಿ ಇತ್ತು. ಕೆನ್ನೆಯನ್ನು ನೆಲಕ್ಕೆ ಹಚ್ಚಿ ಅಲ್ಲಿ ಕಣ್ಣಿಟ್ಟಳು. ಹೋಗಿಬರುವವರ ಪಾದಗಳು ಕಂಡವು. ಅವು ಅಂಗಳದ ಹತ್ತಿರ ಬಂದು ತಡೆದು, ರಂಗೋಲಿ ತುಳಿಯದಂತೆ ಬಳಸಿಕೊಂಡು ಮುಂದೆ ಹೋಗುತ್ತಿದ್ದವು.

ಇದನ್ನು ಕೆಡಿಸಿದರೆ ಮಾತ್ರ ತಾನು ಉಳಿಯುತ್ತೇನೆ ಎಂದು ಅವಳಿಗೆ ಖಚಿತವಾಯಿತು. ಬಾಗಿಲ ಮಗ್ಗುಲಲ್ಲಿ ಕುಡಿಯುವ ನೀರಿನ ಬಿಂದಿಗೆ ಇತ್ತು. ನಾಲಿಗೆ ಒಣಗಿತ್ತು. ಒಂದು ಗುಟುಕು ಕುಡಿದಳು. ಉಳಿದ ನೀರನ್ನೆಲ್ಲ ಸಂದಿಯತ್ತ ಉರುಳಿಸಿಬಿಟ್ಟಳು. ಹಳೆಯ ಅಂಗಳವಾಗಿದ್ದರೆ ಎಳೆಗಳೆಲ್ಲ ಕಲಸಿಹೋಗುತ್ತಿದ್ದವು. ಈ ಅಂಗಳದ ಮೇಲೆ ನೀರು ಜಾರಿಕೊಂಡು ಹೋಯಿತು. ಧೂಳೆಲ್ಲ ತೊಳೆದು ರಂಗೋಲಿ ಆಗತಾನೇ ಬಿಟ್ಟಂತೆ ಬೆಳಗಿತು.

ಅಷ್ಟರಲ್ಲಿ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಅಂಥ ನಿಶ್ಶಬ್ದದಲ್ಲಿ ಎದುರು ಮನೆಯಾಕೆಯ ದನಿ ಕಿವಿಯ ಪಕ್ಕದಲ್ಲೇ ಕೇಳಿಸಿತು. ಅವಳು ಯಾರಿಗೋ ಹೇಳುತ್ತಿದ್ದಳು. “ನೋಡೇ, ಅಕ್ಕ ಇವತ್ತು ಅಂಗಳಕ್ಕೆ ನೀರೂ ಹಾಕಿದ್ದಾಳೆ. ನಾವಿನ್ನೂ ಮುಖ ತೊಳೆದಿಲ್ಲ.”

ಒಳಗಿದ್ದವಳು ಬಾಯಿ ತೆರೆದಳು. ಉಸಿರು ಮಾತ್ರ ಬಂತು. ಬಡಿಯಲು ಕೈ ಎತ್ತಿದಳು. ಕೈ ಬಾಗಿಲು ಮುಟ್ಟುವ ಮೊದಲೇ ಕರೆಂಟು ಬಂತು.

ಆಮೇಲೆ ಅವಳು ಸಂದಿಯಲ್ಲಿ ನೋಡುತ್ತ ಸುಮ್ಮನೆ ಮಲಗಿದಳು. ಬೆಳಕಾಗುತ್ತಿತ್ತು, ಕತ್ತಲಾಗುತ್ತಿತ್ತು. ಹೊರಗೆ ರಂಗೋಲಿ ಹಾಕಿದವಳು ಕ್ಷೇಮವಾಗಿದ್ದಳು. ಅವಳಿಗೆ ನೋವಿರಲಿಲ್ಲ, ಬಾಯಾರಿಕೆ ಇರಲಿಲ್ಲ. ಹೊತ್ತು ತಪ್ಪದೆ ಎದ್ದಿರುತ್ತಿದ್ದಳು. ಬೀದಿಯವರೆಲ್ಲ ಬಲ್ಲದ್ದು ಅವಳನ್ನೇ. ಹಾಗಾದರೆ ಬಾಗಿಲಿನ ಈಚೆ ಬಿದ್ದಿರುವುದು ಯಾರು ಎಂಬ ಯೋಚನೆ ಬಂತು. ಉತ್ತರವಾಗಿ ತನ್ನ ಹೆಸರು ಹೇಳಿಕೊಳ್ಳಲು ಹೋದಳು. ಹೆಸರು ನೆನಪಾಗಲಿಲ್ಲ.

ವ್ಯಾಪಾರಿ ಊರಿಗೆ ಮರಳಿದ. ಬೀದಿಯ ತಿರುವಿನಿಂದಲೇ ಅಂಗಳ ಕಂಡು ಅವನಿಗೆ ನೆಮ್ಮದಿಯಾಯಿತು. ಟೀ ಅಂಗಡಿಯಲ್ಲಿ ಕುಳಿತು ಒಂದಿಷ್ಟು ಹೊತ್ತು ಹರಟಿದ. ಮನೆಯಲ್ಲಿ ಹೆಂಡತಿ ಹೇಗಿದ್ದಾಳೆಂದು ಯಾರನ್ನೂ ವಿಚಾರಿಸಲಿಲ್ಲ. ವಿಚಾರಿಸುವುದೇನು, ಕಣ್ಣೆದುರಿಗೇ ಇತ್ತಲ್ಲ. ಆಮೇಲೆ ಹೋಗಿ ಬಾಗಿಲು ತಟ್ಟಿದ. ತಟ್ಟುತ್ತಲೇ ಇದ್ದ. ಕೊನೆಗೆ ನಾಲ್ಕು ಜನ ಸೇರಿ ಅಗಳಿ ಮುರಿದರು. ಆದರೂ ಬಾಗಿಲು ಸಲೀಸಾಗಿ ಹಿಂದೆ ಸರಿಯಲಿಲ್ಲ. ಅವಳು ಅದಕ್ಕೆ ಒತ್ತಿಕೊಂಡೇ ಮಲಗಿದ್ದಳು.

ಸಾವಾದ ಮನೆಯ ಮುಂದೆ ರಂಗೋಲಿ ಇರಬಾರದು. ವ್ಯಾಪಾರಿ ಪೊರಕೆ ಹಿಡಿದ, ಸಗಣಿ ನೀರು ಸುರಿದ, ಕಲ್ಲು ತಂದು ಉಜ್ಜಿದ. ಅವನ ಬೆರಳು ಸುಲಿಯಿತು, ರಂಗೋಲಿ ಹೋಗಲಿಲ್ಲ. ಹೆಣವನ್ನು ಅದರ ಮೇಲೆಯೇ ದಾಟಿಸಿ ಹೊತ್ತುಕೊಂಡು ಹೋದರು.

ಮರುದಿನ ಪರಸ್ಥಳದ ಹೆಂಗಸರು ಇಬ್ಬರು ಮದುವೆಗೆ ಕರೆಯುತ್ತ ಆ ಬೀದಿಗೆ ಬಂದರು. ಅಂಗಳ ಬರಿದಾಗಿದ್ದ ಮನೆಯೊಂದನ್ನು ಬಿಟ್ಟು ಈ ಮನೆಯ ಮುಂದೆ ನಿಂತರು. ಒಳಗೆ ಗೋಡೆಗೊರಗಿ ಕುಳಿತಿದ್ದ ವ್ಯಾಪಾರಿಗೆ ಕುಂಕುಮದ ಬಟ್ಟಲು ತೋರಿಸಿ, ಮನೆಯಾಕೆಯನ್ನು ಸ್ವಲ್ಪ ಕರೆಯಿರಿ ಎಂದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಅಲುಗದೆ ಕುಳಿತಿದ್ದ. ಅವರು ಮುಂದಕ್ಕೆ ಬಾಗಿ, ಬೆರಳು ಮಡಿಚಿ, ಅವನ ಎದೆಯ ಮೇಲೆ ಮೆಲ್ಲಗೆ ತಟ್ಟಿದರು.

“ಒಳಗೆ ಯಾರಿದ್ದೀರಿ?”