ನಿಂಗವ್ವನ ತವರಿನ ತೊಟ್ಟಿಲು

ಒಂದು ಓಣಿ. ಆ ಓಣಿಯಲ್ಲಿ ಒಬ್ಬ ಜಾಣ, ಒಬ್ಬ ಪೆದ್ದ. ಜಾಣ ಗುರುಪಾದ ದೊಡ್ಡ ವಾಸ್ತುಶಿಲ್ಪಿಯಾದ, ದೇಶದೇಶದಲ್ಲಿ ಅರಮನೆಯಂಥ ಕಟ್ಟಡ ಎಬ್ಬಿಸಿದ. ಅವನದೇ ವಾರಿಗೆಯ ಪೆದ್ದ ದುಂಡಪ್ಪ ಅವ್ವ ಬಡಿದ ರೊಟ್ಟಿ ತಿಂದು ದುಂಡಗಾದ.

ಗುರುಪಾದ ಹುಟ್ಟಿ ಬೆಳೆದ ಮನೆಯನ್ನೇ ಮ್ಯೂಸಿಯಂ ಮಾಡಿದರು. ಅವನು ಬಳಪದಲ್ಲಿ ಮೊದಲ ನಕ್ಷೆ ಗೀಚಿದ ಪಾಟಿ ಇಟ್ಟರು, ಆರು ವರ್ಷದವನಿದ್ದಾಗ ಕಟ್ಟಿದ ಮಣ್ಣಿನ ಮನೆ ಇಟ್ಟರು, ಮಲಗಿದ ತೊಟ್ಟಿಲು ತೂಗುಹಾಕಿದರು. ಅವನ ತಾಯಿ ಸಿದ್ಲಿಂಗವ್ವ ಬಾಗಿಲಲ್ಲಿ ಕುರ್ಚಿ ಹಾಕಿ ರಾಣಿ ಹಂಗೆ ಕೂತಳು.

ದುಂಡಪ್ಪನ ಅವ್ವ ನಿಂಗವ್ವನ ಹೊಟ್ಟೆಯಲ್ಲಿ ಒಣಮೆಣಸಿನಕಾಯಿ ಹುರಿದಂಗಾಯಿತು.

"ಆ ತೊಟ್ಟಿಲು ನನ್ನ ತವರಿಂದು! ಆಕಿ ಬಾಣಂತನಕ್ಕ ನಾ ಎರವಲು ಕೊಟ್ಟದ್ದು! ನನ್ನ ಹೆಸರು ಬರದಾರೇನು, ಚಂದಾಗಿ ನೋಡಿ ಬಾ. ನಾನಂತೂ ಆ ಹೊಸ್ತಿಲು ತುಳಿಯಂಗಿಲ್ಲ!"

ದುಂಡಪ್ಪ ಹೋದ. ಪಾಟಿ ಕಂಡ. ಮೇಲೆ ಅವ್ವನ ಹೆಸರಿಲ್ಲ, ಗೀಚಿದ್ದರ ಕೆಳಗೆ ಇದ್ದೀತು ಅಂತ ಉಗುಳು ಹಚ್ಚಿ ಒರೆಸಿದ. ಗುರುಪಾದನ ಮೊದಲ ನಕ್ಷೆ ಅಳಿಸಿಹೋಯಿತು.

"ಲೇ ಹುಂಬಾ!" ಅಂದಳು ನಿಂಗವ್ವ. "ಅಲ್ಲಿ ಏನನ್ನೂ ಮುಟ್ಟಬಾರದು. ಕೈ ಹಿಂದಕ್ಕ ಕಟ್ಟಿ ನಿಂದರಬೇಕು!"

"ಹೂಂ ಅವ್ವಾ."

ಮರುದಿನ ಹೋದ. ಕೈ ಹಿಂದಕ್ಕೆ ಕಟ್ಟಿ ನಿಂತ. ಸಿದ್ಲಿಂಗವ್ವ ಮೆಟ್ಟಿಲ ಮೇಲೆ ಜಾರಿದಳು.

"ಹಿಡಿಯೋ ದುಂಡ್ಯಾ, ಹಿಡಿಯೋ!"

"ಮುಟ್ಟಂಗಿಲ್ಲ ಅತ್ತಿ! ನೀವೂ ಮ್ಯೂಸಿಯಮ್ಮಿನೊಳಗಿನವರು!"

ಧಡ್ ಅಂತ ಬಿದ್ದಳು. ನಿಂಗವ್ವ ಸುದ್ದಿ ಕೇಳಿ ಸೆರಗಿನೊಳಗೆ ನಕ್ಕಳು, ಆಮೇಲೆ ಬೈದಳು: "ಬಿದ್ದದ್ದು ಕಂಡರ ಎತ್ತಿ ನೆಟ್ಟಗ ನಿಲ್ಲಸಬೇಕೋ!"

"ಹೂಂ ಅವ್ವಾ."

ಮೂರನೆಯ ದಿನ ಹೋದ. ಮಣ್ಣಿನ ಮನೆಯ ಒಂದು ಗೋಡೆ ಗುರುಪಾದ ಕಟ್ಟಿದಾಗಲೇ ಬಿದ್ದದ್ದು, ಹಂಗೇ ಇಟ್ಟಿದ್ದರು. ದುಂಡಪ್ಪ ಮಣ್ಣು ಕಲಸಿ, ಗೋಡೆ ಎತ್ತಿ, ಸುಣ್ಣಾನೂ ಬಳಿದ.

"ನನ್ನ ಮಗನ ಕೈಗುರುತು ಹೋತಲ್ಲೋ!" ಅಂತ ಸಿದ್ಲಿಂಗವ್ವ ಕಾಲೊಳಗಿನ ಚಪ್ಪಲಿ ತೆಗೆದಳು. ದುಂಡಪ್ಪ ಮನೆಗೆ ಓಡಿದ.

"ಹೋಗಲಿ ಬಿಡು," ಅಂದಳು ನಿಂಗವ್ವ. "ನನ್ನ ತೊಟ್ಟಿಲೊಳಗ ಏನಿಟ್ಟಾರ?"

"ಏನೂ ಇಲ್ಲವ್ವಾ. ಕಾವಲಿನವ ಬಂದವರಿಗೆಲ್ಲ ತೂಗಿ ತೋರಸ್ತಾನ."

"ಅಯ್ಯೋ, ಬರೇ ತೊಟ್ಟಿಲು ತೂಗ್ತಾರಾ? ತೊಟ್ಟಿಲಿನವರ ಮನಿಗೆ ಕೇಡು! ಅದನ್ನ ಬರಿದು ಬಿಡಬ್ಯಾಡೋ!"

"ಹೂಂ ಅವ್ವಾ."

ನಾಲ್ಕನೆಯ ದಿನ ಹೋದ. ತಾನೇ ಹತ್ತಿ ಮಲಗಿದ. ಮಂಡಿ ಆಚೆ, ಹೊಟ್ಟೆ ಮೇಲೆ, ಹಗ್ಗ ಕಿರ್ ಕಿರ್. ಪರವೂರಿನ ಜನ ಇಣುಕಿ, "ಇವರೇ ಏನ್ರೀ ಗುರುಪಾದಪ್ಪನವರು?" ಅಂದರು.

ಸುದ್ದಿ ಮುಟ್ಟಿದ್ದೇ ನಿಂಗವ್ವ ಆಣೆ ಮರೆತು ಹೊಸ್ತಿಲು ಹಾರಿ ಬಂದಳು.

"ನಿನ್ನ ಮಗನ್ನ ಇಳಸು!" ಅಂದಳು ಸಿದ್ಲಿಂಗವ್ವ.

"ಮೊದಲ ನನ್ನ ಹೆಸರು ಬರಸು!"

"ಹಗ್ಗ ಹರೀತೈತಿ!"

"ಹರೀಲಿ! ಹಗ್ಗಾನೂ ನಂದೇ!"

ಸಿದ್ಲಿಂಗವ್ವ ಹಲ್ಲು ಕಡಿದು ಚೀಟಿ ಬರೆಸಿ ತೊಟ್ಟಿಲಿಗೆ ಅಂಟಿಸಿದಳು: 'ನಿಂಗವ್ವನ ತೊಟ್ಟಿಲು'. ನಿಂಗವ್ವನ ಮುಖ ಹಬ್ಬದ ಹೋಳಿಗೆಯಂತೆ ಉಬ್ಬಿತು.

"ಇನ್ನ ಇಳಿಯೋ ನನ್ನಪ್ಪಾ!"

ದುಂಡಪ್ಪ ಇಳಿದ. ಖಾಲಿ ತೊಟ್ಟಿಲು ತೂಗಾಡಿತು. ನೋಡಿದ. ಅವ್ವನನ್ನು ಹೂವಿನಂತೆ ಎತ್ತಿ ಒಳಗೆ ಮಲಗಿಸಿ, "ಬರಿದು ಬಿಡಬಾರದಲ್ಲವ್ವಾ," ಅಂದು ಮನೆಗೆ ಉಣ್ಣಲು ಹೋದ.

"ಇಳಸ್ರೋ ಯಾರಾದರೂ!" ಅಂತ ನಿಂಗವ್ವ ಒದರಿದಳು. ಜನ ಚೀಟಿ ಓದಿದರು, ತೊಟ್ಟಿಲು ನೋಡಿದರು, ಎಲ್ಲ ಸರಿಯಾಗೇ ಇದೆ ಅಂತ ಕೈ ಹಿಂದಕ್ಕೆ ಕಟ್ಟಿ ನಿಂತರು.

ಬಾಗಿಲ ಕುರ್ಚಿಯಿಂದ ಸಿದ್ಲಿಂಗವ್ವ ಕೂಗಿದಳು:

"ಹೆಸರು ಬರಸೀದಿಯಲ್ಲ? ಮಲಕೋ!"